ಅಂತರಜಾಲವೂ ಎಳೆಯರ ಭಾವಪರಿಪಾಕವೂ

ಕಳೆದ ಮಾಸದಲ್ಲಿ ನಮ್ಮ ಸಂಘದ ಸಭೆಯು ಮುಗಿದ ತರುವಾಯ ಸದಸ್ಯರಲ್ಲಿ ಕೆಲವರು ಮಾತನಾಡುತ್ತ ಕುಳಿತಿದ್ದಾಗ, ಅಂತರಜಾಲದ ಅತಿಬಳಕೆಯಿಂದ ಎಳೆಯರ ಹೃದಯವು ಬರಡಾಗುತ್ತಿದೆಯೆಂದು ಹಿರಿಯರೊಬ್ಬರು ವ್ಯಥೆಪಟ್ಟರು. ಅಲ್ಲಿಯೇ ಇದ್ದ ತರುಣ ಉಪಾಧ್ಯಾಯರೊಬ್ಬರು, ಪ್ರತಿಯೊಂದು ತಲೆಮಾರೂ ತನ್ನ ಮುಂದಿನ ತಲೆಮಾರಿನ ಮೇಲೆ ಹೊರಿಸುತ್ತ ಬಂದಿರುವ ಅಪವಾದವೇ ಇದು, ಹೊಸದೇನೂ ಅಲ್ಲವೆಂದು ಉತ್ತರಕೊಟ್ಟರು. ವಾದವು ಬೆಳೆಯಿತು, ನಿರ್ಣಯವಾಗಲಿಲ್ಲ. ಜೀವಮಾನದ ಬಹುಭಾಗವನ್ನು ಪಾಠಶಾಲೆಯ ಮಕ್ಕಳ ನಡುವೆ ಕಳೆದವನೆಂಬ ಕಾರಣದಿಂದ, ಈ ವಿಷಯದ ಪೂರ್ವೋತ್ತರಗಳನ್ನು ವಿಚಾರಿಸಿ ನಮ್ಮ ಪತ್ರಿಕೆಗೆ ಬರೆಯಬೇಕೆಂದು ಮಿತ್ರರು ನನಗೆ ಆಜ್ಞಾಪಿಸಿದರು. ವಿಚಾರಿಸಿದಂತೆಲ್ಲ ಆ ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟೆಂದೂ, ಎರಡರಲ್ಲಿ ಯಾವುದೂ ಪೂರ್ಣಸತ್ಯವಲ್ಲವೆಂದೂ ನನಗೆ ತೋರಿಬಂದಿತು. ಅದನ್ನು ಯಥಾಮತಿಯಾಗಿ ನಿವೇದಿಸುವೆನು.

1

ಮೊದಲು ಪದದ ಅರ್ಥವನ್ನು ನಿಷ್ಕರ್ಷಿಸಿಕೊಳ್ಳಬೇಕು. ಭಾವಪರಿಪಾಕವೆಂದರೆ ಕೋಪಶೋಕಾದಿಗಳನ್ನು ಅನುಭವಿಸುವುದಷ್ಟೇ ಅಲ್ಲ. ಅದು ಹಸುಳೆಗೂ ಉಂಟು. ತನ್ನಲ್ಲಿ ಹುಟ್ಟಿದ ಭಾವವು ಯಾವುದೆಂದು ಗುರುತಿಸುವುದು, ಅದನ್ನು ತಾಳಿಕೊಳ್ಳುವುದು, ತಕ್ಕವರಲ್ಲಿ ತಕ್ಕ ರೀತಿಯಿಂದ ಅದನ್ನು ತೋಡಿಕೊಳ್ಳುವುದು, ಪರರ ಮುಖವನ್ನು ನೋಡಿ ಅವರ ಅಂತರಂಗವನ್ನು ಅರಿಯುವುದು, ಈ ನಾಲ್ಕೂ ಕೂಡಿದರೆ ಪರಿಪಾಕವೆನಿಸುವುದು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಭಾವಗಳನ್ನು 49 ಎಂದು ಎಣಿಸಿರುವನು. ಅವುಗಳಲ್ಲಿ 8 ಸ್ಥಾಯಿಗಳು, 33 ವ್ಯಭಿಚಾರಿಗಳು ಅಥವಾ ಸಂಚಾರಿಗಳು, 8 ಸಾತ್ತ್ವಿಕಗಳು. ಸಂಚಾರಿಗಳು ಅಲೆಗಳಂತೆ ಬಂದು ಹೋಗತಕ್ಕವು. ಸ್ಥಾಯಿಯು ಅವುಗಳ ಕೆಳಗೆ ನಿಲ್ಲತಕ್ಕದ್ದು. ಕಂಬನಿ, ನಡುಕ, ಗದ್ಗದ ಮೊದಲಾದ ಸಾತ್ತ್ವಿಕಗಳಾದರೋ ದೇಹದಲ್ಲಿಯೇ ಕಾಣಿಸಿಕೊಳ್ಳುವುವು. ಅವನ್ನು ಸುಳ್ಳಾಗಿ ತೋರಿಸುವುದು ಸುಲಭವಲ್ಲ. ಇದು ರಂಗಭೂಮಿಗಾಗಿ ಹೇಳಿದ ಶಾಸ್ತ್ರವೇ ಹೊರತು ಬಾಲಮನಶ್ಶಾಸ್ತ್ರವಲ್ಲವೆಂಬುದನ್ನು ನಾನು ಬಲ್ಲೆನು. ಆದರೂ ನಮ್ಮ ವಿಷಯಕ್ಕೆ ಒಂದು ಅಳತೆಗೋಲು ಇದರಿಂದ ದೊರೆಯುವುದು: ಸ್ಥಾಯಿಯು ನೆಲೆಗೊಳ್ಳಲು ಕಾಲವು ಬೇಕು, ಅದನ್ನು ಪರರು ಅರಿಯಲು ದೇಹವು ಎದುರಿಗಿರಬೇಕು.

ಆಧುನಿಕರ ಪ್ರಯೋಗಗಳೂ ಇದಕ್ಕೆ ವಿರೋಧವಾಗಿಲ್ಲ. ಎಡ್ವರ್ಡ್ ಟ್ರೋನಿಕ್ ಎಂಬ ಅಮೆರಿಕದ ಪಂಡಿತನು 1970ರ ದಶಕದಲ್ಲಿ ಒಂದು ಪರೀಕ್ಷೆಯನ್ನು ಮಾಡಿದನು. ಕೂಸಿನೊಡನೆ ನಕ್ಕು ನಲಿದಾಡುತ್ತಿದ್ದ ತಾಯಿಯು, ಸಂಜ್ಞೆಯಾದೊಡನೆ, ಎದುರಿಗೇ ಇದ್ದುಕೊಂಡು ಮುಖವನ್ನು ನಿಶ್ಚಲವಾಗಿ ಮಾಡಿಕೊಳ್ಳಬೇಕು. ಕೂಸು ಮೊದಲು ನಗುವುದು, ಕೈಚಾಚುವುದು. ಪ್ರತ್ಯುತ್ತರವಿಲ್ಲದಿರಲು ಕಳವಳಗೊಂಡು ಕೊನೆಗೆ ಮುಖವನ್ನು ತಿರುಗಿಸಿಕೊಳ್ಳುವುದು. ತಾಯಿಯು ಎಲ್ಲಿಗೂ ಹೋಗಲಿಲ್ಲ. ಮುಖವು ಮಾತ್ರ ಉತ್ತರಕೊಡಲಿಲ್ಲ. ಅಷ್ಟೇ ಸಾಕಾಯಿತು. ಮಗುವು ತನ್ನ ಭಾವವನ್ನು ಪರರ ಮುಖದ ಕನ್ನಡಿಯಲ್ಲಿ ಕಂಡು ಕಲಿಯುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

2

ಇನ್ನು ತರುಣ ಮಿತ್ರರ ಪಕ್ಷವನ್ನು ನೋಡೋಣ. ಹಿರಿಯರ ಭಯವು ಹಳೆಯದೆಂದು ಅವರು ಹೇಳಿದುದು ನಿಜ. 1774ರಲ್ಲಿ ಜರ್ಮನ್ ಕವಿಯಾದ ಗಯಟೆಯು ‘ವರ್ತರ್’ ಎಂಬ ತರುಣನ ವಿಫಲಪ್ರೇಮವನ್ನೂ ಆತ್ಮಹತ್ಯೆಯನ್ನೂ ಕಥಾವಸ್ತುವಾಗಿ ಮಾಡಿ ಒಂದು ಕಾದಂಬರಿಯನ್ನು ಪ್ರಕಟಿಸಿದನು. ತರುಣರು ನಾಯಕನಂತೆ ನೀಲಿಯ ಅಂಗಿಯನ್ನೂ ಹಳದಿಯ ಒಳಗವಸನ್ನೂ ತೊಡಲಾರಂಭಿಸಿದರು. ಅವನ ಮರಣವನ್ನೂ ಅನುಕರಿಸುವರೆಂಬ ಭೀತಿಯುಂಟಾಯಿತು. 1775ರಲ್ಲಿ ಲೈಪ್ಸಿಗ್ ನಗರದ ಅಧಿಕಾರಿಗಳು ಆ ಗ್ರಂಥದ ವಿಕ್ರಯವನ್ನೂ ಆ ವೇಷವನ್ನೂ ನಿಷೇಧಿಸಿದರು. ನಮ್ಮ ದೇಶದಲ್ಲಿಯೂ ಕಾದಂಬರಿಯ ಓದು ಹೆಣ್ಣುಮಕ್ಕಳಿಗೆ ಹಿತವಲ್ಲವೆಂದು ಹೇಳುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಕಂಡಿದ್ದರು.

ಅನಂತರ ಚಲಚ್ಚಿತ್ರವು ಬಂದಿತು. ಅಮೆರಿಕದಲ್ಲಿ 1929ರಿಂದ 1932ರ ವರೆಗೆ ಪೇನ್ ನಿಧಿಯ ಸಹಾಯದಿಂದ ಅನೇಕ ವಿದ್ವಾಂಸರು ಸಿನಿಮಾ ನೋಡುವ ಮಕ್ಕಳನ್ನು ಪರೀಕ್ಷಿಸಿದರು; ಚಿತ್ರವನ್ನು ನೋಡಿ ಬಂದ ರಾತ್ರಿ ಮಗುವು ನಿದ್ರೆಯಲ್ಲಿ ಎಷ್ಟು ಹೊರಳುವುದೆಂಬುದನ್ನೂ ಯಂತ್ರದಿಂದ ಅಳೆದರು. 1933ರಿಂದ ಪ್ರಕಟವಾದ ಆ ಗ್ರಂಥಗಳ ಸಾರವು ಏಕಮುಖವಾಗಿರಲಿಲ್ಲ. ಒಂದೇ ಚಿತ್ರವು ಬೇರೆಬೇರೆ ಮಕ್ಕಳ ಮೇಲೆ ಪರಸ್ಪರ ವಿರುದ್ಧವಾದ ಪರಿಣಾಮವನ್ನು ಮಾಡಬಲ್ಲುದೆಂದು ಅವರು ಕಂಡರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುವುದು. ದೂರದರ್ಶನವು ನಮ್ಮ ಗ್ರಾಮಗಳಿಗೆ ವಿಸ್ತಾರವಾಗಿ ಬಂದುದು 1975ರ ಆಗಸ್ಟಿನಿಂದ ಒಂದು ವರ್ಷಕಾಲ ನಡೆದ ಉಪಗ್ರಹ ಪ್ರಯೋಗದಲ್ಲಿ. ಆರು ರಾಜ್ಯಗಳ 2,400 ಗ್ರಾಮಗಳಲ್ಲಿ, ಕರ್ನಾಟಕದಲ್ಲಾದರೆ ಗುಲ್ಬರ್ಗ, ರಾಯಚೂರು, ಬಿಜಾಪುರ ಸೀಮೆಗಳಲ್ಲಿ, ಆ ಪೆಟ್ಟಿಗೆಯ ಮುಂದೆ ಊರಿಗೆ ಊರೇ ಕುಳಿತುಕೊಳ್ಳುತ್ತಿದ್ದಿತು. ಊರಿಗೆ ಒಂದು ಪೆಟ್ಟಿಗೆ, ನೂರು ಕಣ್ಣು. ನಕ್ಕರೆ ಎಲ್ಲರೂ ನಕ್ಕರು. ಅತ್ತರೆ ಪಕ್ಕದವನು ಕಂಡನು. ಈಗಿನ ಸ್ಥಿತಿಯೊಡನೆ ಹೋಲಿಸುವಾಗ ಇದು ಅಲ್ಪವಾದ ಭೇದವಲ್ಲ.

ಹಳೆಯ ಭಯಗಳಲ್ಲಿ ಹಲವು ಹುಸಿಯಾದುವು, ಆದುದರಿಂದ ಈಗಿನದೂ ಹುಸಿಯೆಂಬುದು ತರುಣ ಮಿತ್ರರ ತರ್ಕ. ಇಲ್ಲಿ ಹೇತುದೋಷವುಂಟು. ‘ಹುಲಿ ಬಂತು ಹುಲಿ’ ಎಂಬ ಕಥೆಯಲ್ಲಿ ಹುಡುಗನು ಅನೇಕ ಸಲ ಸುಳ್ಳು ಕೂಗಿದುದು ನಿಜ. ಆದರೆ ಕಥೆಯ ಕೊನೆಯಲ್ಲಿ ಹುಲಿಯು ಬಂದೇ ಬರುವುದು. ಪ್ರತಿಯೊಂದು ಕೂಗನ್ನೂ ಪ್ರತ್ಯೇಕವಾಗಿ ಪರೀಕ್ಷಿಸದೆ ಗತ್ಯಂತರವಿಲ್ಲ.

3

ಅಂತರಜಾಲದ ವಿಷಯದಲ್ಲಿ ಅಂಥ ಪರೀಕ್ಷೆಗಳಲ್ಲಿ ಮೊದಮೊದಲಿನದಾಗಿಯೂ ಬಹುಪ್ರಸಿದ್ಧವಾಗಿಯೂ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಪಿಟ್ಸ್‌ಬರ್ಗ್ ನಗರದಲ್ಲಿ ನಡೆದುದು. ಎರಡು ನದಿಗಳು ಕೂಡಿ ಒಹೈಯೋ ಎಂಬ ಮೂರನೆಯ ನದಿಯಾಗುವ ಸಂಗಮದಲ್ಲಿರುವ ಆ ಪಟ್ಟಣವು ಉಕ್ಕಿನ ಕಾರ್ಖಾನೆಗಳಿಂದ ಹೆಸರಾಗಿದ್ದು, 1980ರ ದಶಕದಲ್ಲಿ ಆ ಉದ್ಯಮವು ಕುಸಿದ ಮೇಲೆ ವಿದ್ಯಾಸಂಸ್ಥೆಗಳನ್ನು ಆಶ್ರಯಿಸಿ ಬಾಳಿತು. ಅಲ್ಲಿಯ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಎರಡು ಘಟನೆಗಳು ನಡೆದುವು.

ಮೊದಲನೆಯದು ಚಿಕ್ಕದು. ಆ ವಿಶ್ವವಿದ್ಯಾಲಯದ ಪಂಡಿತರು ಗಣಕಯಂತ್ರಗಳ ಮೂಲಕ ಪರಸ್ಪರ ಬರೆದುಕೊಳ್ಳುತ್ತಿದ್ದ ಒಂದು ಫಲಕವಿದ್ದಿತು. 1982ರಲ್ಲಿ ಒಬ್ಬರು ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆಯೆಂಬ ಅರ್ಥಬರುವಂತೆ ವಿನೋದಕ್ಕಾಗಿ ಬರೆದುದನ್ನು ಕೆಲವರು ನಿಜವಾದ ಎಚ್ಚರಿಕೆಯೆಂದು ಭಾವಿಸಿದರು. ಬರೆದವನ ಮುಖವು ಓದುವವನಿಗೆ ಕಾಣದಿದ್ದುದೇ ಈ ಪ್ರಮಾದಕ್ಕೆ ಮೂಲ. ಆಗ ಸ್ಕಾಟ್ ಫಾಲ್ಮನ್ ಎಂಬ ವಿದ್ವಾಂಸನು ಸೆಪ್ಟೆಂಬರ್ 19ರಂದು, ವಿವರಣಚಿಹ್ನೆ, ಅಡ್ಡಗೆರೆ, ಆವರಣಚಿಹ್ನೆಗಳನ್ನು ಸಾಲಾಗಿ ಇಟ್ಟು ತಲೆವಾಲಿಸಿ ನೋಡಿದರೆ ನಗುಮುಖದಂತೆ ತೋರುವ ಗುರುತೊಂದನ್ನು ಸೂಚಿಸಿದನು. ಮುಖವಿಲ್ಲದೆಡೆಯಲ್ಲಿ ಮುಖವನ್ನು ಬರೆಯಬೇಕಾಯಿತು. 1999ರಲ್ಲಿ ಜಪಾನಿನ ದೂರವಾಣಿ ಸಂಸ್ಥೆಯೊಂದಕ್ಕಾಗಿ ಶಿಗೆತಾಕ ಕುರಿತ ಎಂಬವನು ರಚಿಸಿದ 176 ಚಿಕ್ಕ ಚಿತ್ರಗಳೂ, ಈಗ ನಮ್ಮ ಮಕ್ಕಳು ಹಗಲಿರುಳು ಕಳುಹಿಸುವ ‘ಎಮೋಜಿ’ಗಳೂ ಇದೇ ಕೊರತೆಯನ್ನು ತುಂಬಲು ಬಂದವು. ಭರತನ ಭಾಷೆಯಲ್ಲಿ ಹೇಳುವುದಾದರೆ, ಅನುಭಾವವಿಲ್ಲದ ಮಾತಿಗೆ ಬರೆದ ಅನುಭಾವವನ್ನು ಅಂಟಿಸಿದಂತಾಯಿತು. ನಿಜವಾದ ಕಂಬನಿಯು ಇಚ್ಛೆಯಿಲ್ಲದೆ ಬರುವುದು. ಬರೆದ ಕಂಬನಿಯು ಇಚ್ಛಿಸಿದರೆ ಮಾತ್ರ ಬರುವುದು.

ಎರಡನೆಯದು ದೊಡ್ಡದು. ಅಂತರಜಾಲದ ಬೀಜವು 1969ರಲ್ಲಿಯೇ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಮೊಳೆತಿದ್ದರೂ, ಅದು ಗೃಹಸ್ಥರ ಮನೆಗಳನ್ನು ಪ್ರವೇಶಿಸಿದುದು 1990ರ ದಶಕದಲ್ಲಿ. ನಮ್ಮ ದೇಶದ ಸಾರ್ವಜನಿಕರಿಗೆ ದೊರೆತುದು 1995ರ ಆಗಸ್ಟ್ 15ರಂದು. ಅದೇ ವರ್ಷ ಪಿಟ್ಸ್‌ಬರ್ಗಿನಲ್ಲಿ ರಾಬರ್ಟ್ ಕ್ರೌಟ್, ಸಾರಾ ಕೀಸ್ಲರ್ ಮೊದಲಾದ ಪಂಡಿತರು ‘ಹೋಮ್‌ನೆಟ್’ ಎಂಬ ಪರಿಶೀಲನೆಯನ್ನು ಕೈಗೊಂಡರು. ಅದುವರೆಗೆ ಅಂತರಜಾಲವಿಲ್ಲದಿದ್ದ ಸಂಸಾರಗಳನ್ನು ಆರಿಸಿ, ಅವರಿಗೆ ಗಣಕಯಂತ್ರವನ್ನೂ ದೂರವಾಣಿಯ ತಂತಿಯನ್ನೂ ಅಂತರಜಾಲ ಸಂಪರ್ಕವನ್ನೂ ಉಚಿತವಾಗಿ ಕೊಟ್ಟರು. ಪ್ರತಿಯಾಗಿ ಅವರ ಬಳಕೆಯ ಲೆಕ್ಕವನ್ನು ಯಂತ್ರವೇ ಬರೆದಿಡಲು ಒಪ್ಪಿಗೆಯನ್ನು ಪಡೆದರು. ಆರಂಭದಲ್ಲಿ ಒಮ್ಮೆ, ಒಂದೆರಡು ವರ್ಷಗಳಾದ ಮೇಲೆ ಮತ್ತೊಮ್ಮೆ, ಮನೆಯವರೊಡನೆ ಎಷ್ಟು ಮಾತನಾಡುವಿರಿ, ಬಂಧುಮಿತ್ರರ ಬಳಗವು ಎಷ್ಟು ದೊಡ್ಡದು, ಒಂಟಿತನವು ತೋರುವುದೆ, ಮನಸ್ಸು ಕುಗ್ಗಿರುವುದೆ, ಎಂದು ಪ್ರಶ್ನಪತ್ರಿಕೆಗಳಿಂದ ಕೇಳಿದರು. ಮೊದಲ ತಂಡದ ಮನೆಗಳನ್ನು ಪ್ರೌಢಶಾಲೆಗಳ ವಿದ್ಯಾರ್ಥಿಗಳ ಮೂಲಕವೇ ಆರಿಸಿದ್ದರು.

ಹಿರಿಯರಿಗಿಂತ ಹದಿವಯಸ್ಸಿನವರೇ ಹೆಚ್ಚಾಗಿ ಬಳಸಿದರು. ಇನ್ನೂ ಒಂದು ಸಂಗತಿಯು ಸಂಸ್ಕೃತಾಭ್ಯಾಸಿಗಳಿಗೆ ವಿಸ್ಮಯವನ್ನುಂಟುಮಾಡುವುದು. ಯಂತ್ರವು ತೊಡಕು ಕೊಟ್ಟಾಗ ಮನೆಯವರಿಗೆಲ್ಲ ದಾರಿ ತೋರುತ್ತಿದ್ದವರನ್ನು ಆ ಪಂಡಿತರು ತಮ್ಮ ಲೇಖನದಲ್ಲಿ ನಮ್ಮ ಪದದಿಂದಲೇ ‘ಗುರು’ ಎಂದು ಕರೆದಿರುವರು; ಅನೇಕ ಮನೆಗಳಲ್ಲಿ ಆ ಗುರುಪೀಠವು ದೊರೆತುದು ತಂದೆಗಲ್ಲ, ಹದಿವಯಸ್ಸಿನ ಮಗನಿಗೋ ಮಗಳಿಗೋ. ಯಾವ ವಿದ್ಯೆಯಲ್ಲಿ ಮಗನು ತಂದೆಗೆ ಗುರುವಾಗುವನೋ, ಆ ವಿದ್ಯೆಯಲ್ಲಿ ಮಗನಿಗೆ ಮಿತಿಯನ್ನು ಹೇಳುವವನು ಯಾರು? ಈ ಪ್ರಶ್ನೆಯು ಪಿಟ್ಸ್‌ಬರ್ಗಿನಿಂದ ನಮ್ಮ ಜಗಲಿಯ ವರೆಗೆ ಬಂದಿರುವುದು.

1998ರಲ್ಲಿ 73 ಮನೆಗಳ 169 ಮಂದಿಯ ಲೆಕ್ಕವು ಪ್ರಕಟವಾಯಿತು. ಹೆಚ್ಚು ಬಳಸಿದವರು ಮನೆಯವರೊಡನೆ ಮಾತನಾಡುವುದು ಕಡಿಮೆಯಾಗಿದ್ದಿತು. ಅವರ ಬಳಗವು ಕಿರಿದಾಗಿದ್ದಿತು. ಒಂಟಿತನವೂ ಮನಸ್ಸಿನ ಕುಗ್ಗೂ ಏರಿದ್ದುವು. ವ್ಯತ್ಯಾಸವು ಅಲ್ಪವೇ ಆದರೂ ದಿಕ್ಕು ಒಂದೇ ಆಗಿದ್ದಿತು. ಇದಕ್ಕಿಂತ ವಿಚಿತ್ರವೇನೆಂದರೆ, ಆ ಜನರು ಅಂತರಜಾಲವನ್ನು ಬಳಸುತ್ತಿದ್ದುದು ಮುಖ್ಯವಾಗಿ ಪರರೊಡನೆ ಮಾತನಾಡುವುದಕ್ಕಾಗಿಯೇ! ಕೂಡಿಸುವ ಸಾಧನವೇ ಅಗಲಿಸಿತೆ? ಪಂಡಿತರು ಇದನ್ನು ಅಂತರಜಾಲದ ವಿರೋಧಾಭಾಸವೆಂದು ಹೆಸರಿಸಿದರು. ಗಾಢವಾದ ಸಂಬಂಧಗಳ ಎಡೆಯನ್ನು ಸಡಿಲವಾದ ಸಂಬಂಧಗಳು ಆಕ್ರಮಿಸಿದುದೇ ಕಾರಣವಾಗಿರಬಹುದೆಂದು ಊಹಿಸಿದರು. ಜಗತ್ತಿನ ವೃತ್ತಪತ್ರಿಕೆಗಳು ಈ ವಾರ್ತೆಯನ್ನು ಸಾರಿದುವು. ಹೋಲಿಕೆಗಾಗಿ ಅಂತರಜಾಲವಿಲ್ಲದ ಮನೆಗಳನ್ನೂ ಪರೀಕ್ಷಿಸಲಿಲ್ಲವಲ್ಲ ಎಂದು ಆಕ್ಷೇಪಿಸಿದವರೂ ಇದ್ದರು. ಅವರ ಆಕ್ಷೇಪವು ನ್ಯಾಯವಾದುದೇ. ಆದರೆ ಅದನ್ನು ಕೇಳಿದವರು ಕಡಿಮೆ.

4

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ವಿರೋಧಕ್ಕೂ ವಿರೋಧಾಭಾಸಕ್ಕೂ ಇರುವ ಅಂತರವು ತಿಳಿದೇ ಇದೆ. ಆಭಾಸವಾದುದರಿಂದ ಅದಕ್ಕೆ ಪರಿಹಾರವಿರಬೇಕು. ಆ ಪರಿಹಾರವನ್ನು ಅದೇ ಪಂಡಿತರೇ 2002ರಲ್ಲಿ ಪ್ರಕಟಿಸಿದರು. ಮೊದಲಿನ ಮನೆಗಳಿಗೇ ಮತ್ತೆ ಹೋಗಿ ವಿಚಾರಿಸಿದಾಗ ಹಿಂದೆ ಕಂಡಿದ್ದ ಕೇಡುಗಳಲ್ಲಿ ಬಹುಭಾಗವು ಮಾಸಿಹೋಗಿದ್ದಿತು. ಬೇರೆ 400ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದಾಗ ಒಟ್ಟಿನಲ್ಲಿ ಹಿತವೇ ಕಂಡಿತು. ಆದರೆ ಆ ಹಿತವು ಸಮನಾಗಿ ಹಂಚಿಕೆಯಾಗಿರಲಿಲ್ಲ. ಜನರೊಡನೆ ಸುಲಭವಾಗಿ ಬೆರೆಯುವ ಸ್ವಭಾವದವರಿಗೂ, ಬಂಧುಮಿತ್ರರ ಆಸರೆಯು ಮೊದಲೇ ಇದ್ದವರಿಗೂ ಅಂತರಜಾಲವು ಒಳ್ಳೆಯದನ್ನು ಮಾಡಿದ್ದಿತು. ಸಂಕೋಚಸ್ವಭಾವದವರಿಗೂ ಆಸರೆಯಿಲ್ಲದವರಿಗೂ ಅದೇ ಕೆಟ್ಟದ್ದನ್ನು ಮಾಡಿದ್ದಿತು. ಇದ್ದವನಿಗೆ ಇನ್ನಷ್ಟು ಕೊಟ್ಟು ಇಲ್ಲದವನಿಂದ ಇದ್ದುದನ್ನೂ ಕಸಿದುಕೊಂಡಂತಾಯಿತು. ಒಂದೇ ಚಿತ್ರವು ಬೇರೆಬೇರೆ ಮಕ್ಕಳಲ್ಲಿ ವಿರುದ್ಧಫಲಗಳನ್ನು ಕೊಡಬಲ್ಲುದೆಂದು 1933ರ ಪಂಡಿತರು ಹೇಳಿದ್ದ ಮಾತೇ ಇಲ್ಲಿ ಮರಳಿ ಕೇಳಿಬರುವುದು.

ತಾವೇ ಸಾರಿದ ಸಿದ್ಧಾಂತವು ಪ್ರಪಂಚಪ್ರಸಿದ್ಧವಾದ ಮೇಲೂ ಅದನ್ನು ತಾವೇ ತಿದ್ದಿಕೊಂಡ ಆ ವಿದ್ವಾಂಸರ ಸತ್ಯನಿಷ್ಠೆಯು ಶ್ಲಾಘ್ಯವಾದುದು. ಆದರೆ ಮೊದಲಿನ ವಾರ್ತೆಗೆ ದೊರೆತ ಪ್ರಚಾರವು ತಿದ್ದುಪಡಿಗೆ ದೊರೆಯಲಿಲ್ಲ. ಇಂದಿಗೂ ಹಿರಿಯರ ಬಾಯಲ್ಲಿರುವುದು 1998ರ ನಿರ್ಣಯ. ತರುಣರ ಬಾಯಲ್ಲಿರುವುದು 2002ರದು.

5

ಹಾಗಾದರೆ 2002ರ ಮಾತಿನಿಂದಲೇ ನಾವು ನಿಶ್ಚಿಂತರಾಗಬಹುದೆ? ಆಗಲಾರೆವು, ಏಕೆಂದರೆ ಹೆಸರು ಅದೇ ಆಗಿದ್ದರೂ ವಸ್ತುವು ಬೇರೆಯಾಗಿಹೋಯಿತು. ಪಿಟ್ಸ್‌ಬರ್ಗಿನ ಮನೆಯಲ್ಲಿ ಅಂತರಜಾಲಕ್ಕೆ ಒಂದು ಸ್ಥಳವಿದ್ದಿತು. ಅಲ್ಲಿಂದ ಎದ್ದರೆ ಅದು ಮುಗಿಯಿತು. 2007ರಲ್ಲಿ ಐಫೋನು ಬಂದ ಮೇಲೆ ಅದು ಜೇಬನ್ನೂ ಹಾಸಿಗೆಯನ್ನೂ ಸೇರಿತು. ಪುಟಕ್ಕೆ ಒಂದು ಕೊನೆಯಿದ್ದಿತು. 2006ರಲ್ಲಿ ಅಜಾ ರಾಸ್ಕಿನ್ ಎಂಬವನು ಕಲ್ಪಿಸಿದ, ಬೆರಳೆಳೆದಂತೆಲ್ಲ ಮುಗಿಯದೆ ಬರುವ ಪುಟದಿಂದ ಆ ಕೊನೆಯು ಹೋಯಿತು. ಮೆಚ್ಚುಗೆಗೆ ಎಣಿಕೆಯಿರಲಿಲ್ಲ, 2009ರಲ್ಲಿ ಫೇಸ್‌ಬುಕ್ಕಿನಲ್ಲಿ ‘ಲೈಕ್’ ಗುಂಡಿಯು ಬಂದು, ತನ್ನನ್ನು ಎಷ್ಟು ಮಂದಿ ಮೆಚ್ಚಿದರೆಂಬುದನ್ನು ಮಗುವು ಅಂಕಿಗಳಲ್ಲಿ ಓದಲಾರಂಭಿಸಿತು. ನಮ್ಮ ದೇಶದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಆರಂಭವಾದ ಬಳಿಕ ಬೆಲೆಯೆಂಬ ಅಡ್ಡಗೋಡೆಯೂ ಬಿದ್ದಿತು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ, ಮಕ್ಕಳ ಕೈಗೆ ಮೊಬೈಲು ಕೊಡಬಾರದೆಂದು ಶಪಥಮಾಡಿದ್ದ ತಂದೆತಾಯಿಗಳೇ ಸಾಲಮಾಡಿ ಅದನ್ನು ಕೊಂಡುಕೊಟ್ಟರು, ಅದೇ ಪಾಠಶಾಲೆಯಾಗಿದ್ದಿತು.

ಇಂಥ ತಾಣಗಳಿಗೆ ಸೇರಲು 13 ವರ್ಷ ತುಂಬಿರಬೇಕೆಂಬ ನಿಯಮವನ್ನು ಬಹುಮಂದಿ ಕೇಳಿರುವರು. ಆ ವಯಸ್ಸು ಮನಶ್ಶಾಸ್ತ್ರಜ್ಞರು ನಿರ್ಣಯಿಸಿದುದೆಂದು ನಾನೂ ನಂಬಿದ್ದೆನು. ಹಾಗಲ್ಲ. ಹೋಮ್‌ನೆಟ್ ಲೇಖನವು ಬಂದ 1998ರಲ್ಲಿಯೇ ಅಮೆರಿಕದ ಶಾಸನಸಭೆಯು, 13 ವರ್ಷದೊಳಗಿನ ಮಕ್ಕಳ ಹೆಸರು ವಿಳಾಸ ಮೊದಲಾದ ವಿವರಗಳನ್ನು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಸಂಗ್ರಹಿಸಕೂಡದೆಂದು ಕಾನೂನನ್ನು ಮಾಡಿತು. ಒಪ್ಪಿಗೆ ಕೇಳುವ ತೊಡಕೇ ಬೇಡವೆಂದು ಸಂಸ್ಥೆಗಳು 13ನ್ನೇ ಹೊಸ್ತಿಲಾಗಿ ಮಾಡಿಕೊಂಡವು. ಮಗುವಿನ ಹೃದಯವನ್ನು ನೋಡಿ ಇಟ್ಟ ಹೊಸ್ತಿಲಲ್ಲ ಅದು. ವಿಳಾಸಪಟ್ಟಿಯನ್ನು ನೋಡಿ ಇಟ್ಟುದು.

6

ಇತ್ತೀಚಿನ ಪರೀಕ್ಷೆಗಳಲ್ಲಿ ಮೂರನ್ನು ಹೇಳಿದರೆ ಸಾಕು. 2014ರಲ್ಲಿ ಪ್ರಕಟವಾದ ಒಂದರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಆರನೆಯ ತರಗತಿಯ 51 ಮಕ್ಕಳು ಯಾವ ತೆರೆಯನ್ನೂ ನೋಡದೆ ಐದು ದಿನ ಒಂದು ಬಯಲು ಶಿಬಿರದಲ್ಲಿ ಇದ್ದರು. 54 ಮಕ್ಕಳು ಎಂದಿನಂತೆ ಮನೆಯಲ್ಲಿದ್ದರು. ಮುಖಗಳ ಭಾವಚಿತ್ರಗಳನ್ನೂ ಧ್ವನಿಯನ್ನು ತೆಗೆದ ಚಲಚ್ಚಿತ್ರಗಳನ್ನೂ ತೋರಿಸಿ ಅಲ್ಲಿರುವ ಭಾವವು ಯಾವುದೆಂದು ಮೊದಲೂ ಕೊನೆಯಲ್ಲಿಯೂ ಕೇಳಿದಾಗ, ಶಿಬಿರಕ್ಕೆ ಹೋದವರೇ ಹೆಚ್ಚು ಮುಂದುವರಿದಿದ್ದರು. ಐದೇ ದಿನ! ಮಕ್ಕಳು ಕಳೆದುಕೊಂಡುದು ಬಹುದೂರ ಹೋಗಿರಲಿಲ್ಲವೆಂಬುದಕ್ಕೆ ಇದೊಂದು ಸಮಾಧಾನ. ಶಿಬಿರದ ಗಾಳಿಗೆಷ್ಟು, ಗೆಳೆಯರಿಗೆಷ್ಟು, ತೆರೆಯಿಲ್ಲದಿದ್ದುದಕ್ಕೆಷ್ಟು ಫಲವೆಂದು ಬೇರ್ಪಡಿಸುವುದು ಮಾತ್ರ ಕಷ್ಟ.

2019ರಲ್ಲಿ ಏಮಿ ಆರ್ಬೆನ್, ಆಂಡ್ರೂ ಪ್ರಿಬಿಲ್ಸ್ಕಿ ಎಂಬ ವಿದ್ವಾಂಸರು ಮೂರೂವರೆ ಲಕ್ಷಕ್ಕೂ ಮಿಕ್ಕ ಎಳೆಯರ ಲೆಕ್ಕಗಳನ್ನು ಶೋಧಿಸಿ, ಅವರ ಕ್ಷೇಮದಲ್ಲಿ ಕಾಣುವ ಹೆಚ್ಚುಕಡಿಮೆಗಳಲ್ಲಿ ಇಂಥ ಯಂತ್ರಗಳ ಬಳಕೆಗೆ ಸಂಬಂಧಿಸಿದುದು ಹೆಚ್ಚೆಂದರೆ ನೂರರಲ್ಲಿ 0.4 ಪಾಲು ಎಂದು ಹೇಳಿದರು. ತರುಣ ಮಿತ್ರರಿಗೆ ಇದು ಸಂತೋಷದ ವಾರ್ತೆ. ಆದರೆ ಸರಾಸರಿಯ ನದಿಯು ಮೊಣಕಾಲುದ್ದವಿದ್ದರೂ ಮಡುವಿನಲ್ಲಿ ಮುಳುಗುವವರಿರುವರು. 2022ರಲ್ಲಿ ಆರ್ಬೆನ್ನರೇ ಸಹವಿದ್ವಾಂಸರೊಡನೆ ವಯಸ್ಸನ್ನು ವಿಂಗಡಿಸಿ ನೋಡಿದಾಗ ಆ ಮಡುಗಳು ಕಂಡುವು. ಬ್ರಿಟನ್ನಿನ ಹುಡುಗಿಯರಲ್ಲಿ 11ರಿಂದ 13ರ, ಹುಡುಗರಲ್ಲಿ 14–15ರ, ಇಬ್ಬರಲ್ಲಿಯೂ 19ರ ವಯಸ್ಸಿನಲ್ಲಿ ಸಾಮಾಜಿಕ ತಾಣಗಳನ್ನು ಹೆಚ್ಚು ಬಳಸಿದವರಿಗೆ ಮುಂದಿನ ವರ್ಷ ಬಾಳಿನ ತೃಪ್ತಿಯು ಕಡಿಮೆಯಾಗಿದ್ದಿತು. ದೇಹವೂ ಮನಸ್ಸೂ ಬಾಲ್ಯವನ್ನು ಬಿಡುವ ಸಂಧಿಕಾಲವೂ, ಮನೆಯನ್ನು ಬಿಡುವ ಸಂಧಿಕಾಲವೂ ಇವೇ ಅಲ್ಲವೆ?

ರಾಜ್ಯಗಳೂ ಸುಮ್ಮನಿರಲಿಲ್ಲ. ದಕ್ಷಿಣ ಕೊರಿಯವು 2011ರಲ್ಲಿ, 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗಿನ ಆರರ ವರೆಗೆ ಅಂತರಜಾಲದ ಆಟಗಳನ್ನು ಆಡದಂತೆ ಕಟ್ಟುಮಾಡಿತು. 2022ರ ಆರಂಭದಲ್ಲಿ ಆ ಕಟ್ಟನ್ನು ತೆಗೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥ ವ್ಯಸನಕ್ಕೆ ಒಳಗಾದವರಿಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಪದವಿಯಲ್ಲಿದ್ದ ಡಾ. ವಿವೇಕ ಮೂರ್ತಿಯವರು ಸಾಮಾಜಿಕ ತಾಣಗಳಿಂದ ಎಳೆಯರ ಮನಸ್ಸಿಗೆ ಆಗಬಹುದಾದ ಅಪಾಯವನ್ನು ಕುರಿತು ಸಾರ್ವಜನಿಕ ಎಚ್ಚರಿಕೆಯನ್ನು ಹೊರಡಿಸಿದರು. ಅವರ ಪಿತೃಗಳ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. 2024ರಲ್ಲಿ ಆಸ್ಟ್ರೇಲಿಯವು 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ತಾಣಗಳಲ್ಲಿ ಖಾತೆಗಳನ್ನು ಹೊಂದಕೂಡದೆಂದು ಶಾಸನ ಮಾಡಿತು. ಅದು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿತು. ಅದರ ಫಲವನ್ನು ಕಾಲವೇ ಹೇಳಬೇಕು.

ನನಗೆ ಇವೆಲ್ಲಕ್ಕಿಂತ ಹಿತವಾಗಿ ತೋರಿದುದು ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿಯ ಏರ್ಪಾಡು. ಮೋಹಿತ್ಯಾಂಚೆ ವಡಗಾಂವ್ ಎಂಬ ಆ ಊರಿನಲ್ಲಿ 2022ರಲ್ಲಿ, ಸಂಜೆ ಏಳಕ್ಕೆ ದೇವಸ್ಥಾನದಿಂದ ಒಂದು ಕೂಗು ಹೊರಟೊಡನೆ ಮಕ್ಕಳೂ ಹಿರಿಯರೂ ಮೊಬೈಲನ್ನೂ ದೂರದರ್ಶನವನ್ನೂ ಒಂದೂವರೆ ಗಂಟೆಯ ಕಾಲ ಮುಚ್ಚಿಡಬೇಕೆಂದು ಊರವರೇ ಕಟ್ಟಳೆ ಮಾಡಿಕೊಂಡರು. ಇಲ್ಲಿ ಎರಡು ವಿಶೇಷಗಳುಂಟು. ಕಟ್ಟಳೆಯು ಮಕ್ಕಳಿಗೆ ಮಾತ್ರವಲ್ಲ, ಹಿರಿಯರಿಗೂ ಉಂಟು. ಅಲ್ಲದೆ ಯಂತ್ರವನ್ನು ತೆಗೆದ ಎಡೆಯಲ್ಲಿ ಶೂನ್ಯವನ್ನು ಬಿಡದೆ, ಮನುಷ್ಯರನ್ನು ಕೂಡಿಸುವರು.

7

ಈ ವರೆಗೆ ಪರರ ಮನೆಗಳನ್ನು ಹೇಳಿದೆನು. ನನ್ನ ಮನೆಯದನ್ನು ಹೇಳದಿದ್ದರೆ ಈ ಲೇಖನವು ಪ್ರಾಮಾಣಿಕವಾಗದು.

ಎರಡು ವರ್ಷಗಳ ಹಿಂದೆ ನನ್ನ ಗೃಹಿಣಿಯು ಕಾಲವಶಳಾದಳು. ಆಗ ಮೊಮ್ಮಗನಿಗೆ ಹದಿಮೂರು ವರ್ಷ. ಅಜ್ಜಿಯ ತೋಳಿನಲ್ಲಿ ಬೆಳೆದವನು. ವೈಕುಂಠಸಮಾರಾಧನೆಯ ದಿನ ಬಂದ ಬಂಧುಗಳೆಲ್ಲರೂ ಆಕೆಯ ಗುಣಗಳನ್ನು ನೆನೆದು ಕಣ್ಣೀರಿಡುತ್ತಿದ್ದರೆ, ಈ ಹುಡುಗನು ಹಿತ್ತಲ ಕೋಣೆಯಲ್ಲಿ ಮೊಬೈಲಿಗೆ ಮುಖವೊಡ್ಡಿ ಕುಳಿತಿದ್ದನು. ಮನೆಯವರ ವಾಟ್ಸಾಪು ಬಳಗಕ್ಕೆ ಅವನು ಕಳುಹಿಸಿದ್ದುದು ಮುಗಿದ ಕೈಗಳ ಒಂದು ಚಿತ್ರ, ಅಷ್ಟೇ. ನನಗೆ ಸೈರಿಸಲಾಗಲಿಲ್ಲ. ನೆರೆದ ನಂಟರ ಮುಂದೆ, “ಎಂಥ ಕಲ್ಲೆದೆಯೋ ನಿನ್ನದು! ಹೆತ್ತಜ್ಜಿ ಸತ್ತರೆ ಒಂದು ತೊಟ್ಟು ಕಣ್ಣೀರಿಲ್ಲವೆ?” ಎಂದು ಗದರಿಸಿದೆನು. ಅವನು ಮಾತನಾಡಲಿಲ್ಲ. ಆ ಮೇಲೆ ಬಹುದಿನ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಆರು ತಿಂಗಳಾದ ಮೇಲೆ ಸೊಸೆಯು ಒಂದು ದಿನ, “ಮಾವ, ಅವನೇ ನನಗೆ ತೋರಿಸಿದ; ನಿಮಗೆ ಹೇಳಬೇಡ ಎಂದಿದ್ದ; ಆದರೂ ಹೇಳುತ್ತೇನೆ,” ಎಂದು ಸಂಗತಿಯನ್ನು ತಿಳಿಸಿದಳು. ಆ ಹದಿಮೂರು ದಿನಗಳ ರಾತ್ರಿಗಳಲ್ಲಿಯೂ ಹುಡುಗನು ಬೇರೆ ಊರಿನಲ್ಲಿದ್ದ ತನ್ನ ಹಳೆಯ ಸಹಪಾಠಿಯೊಬ್ಬನಿಗೆ ಬರೆಯುತ್ತಿದ್ದನಂತೆ. ಆ ಹುಡುಗನೂ ಹಿಂದಿನ ವರ್ಷ ಅಜ್ಜಿಯನ್ನು ಕಳೆದುಕೊಂಡವನು. ಅಜ್ಜಿಯ ಕೈತುತ್ತು, ಆಕೆ ಹೇಳುತ್ತಿದ್ದ ಕಥೆ, ಆಸ್ಪತ್ರೆಯಲ್ಲಿ ತನ್ನನ್ನು ಒಳಗೆ ಬಿಡಲಿಲ್ಲವೆಂಬ ಕೊರಗು, ಎಲ್ಲವನ್ನೂ ಪುಟಗಟ್ಟಲೆ ಬರೆದಿದ್ದನು. ನಾನು ಕಲ್ಲೆಂದು ಕರೆದ ದಿನವೂ ಬರೆದಿದ್ದನು.

ಇದನ್ನು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಂತರಜಾಲವು ಆ ಮಗುವಿನ ಹೃದಯವನ್ನು ಬರಡುಮಾಡಿರಲಿಲ್ಲ. ಅದೇ ಅವನಿಗೆ ಒಬ್ಬ ಸಮದುಃಖಿಯನ್ನು ತಂದುಕೊಟ್ಟಿದ್ದಿತು. ಆದರೆ ಅದೇ ಮನೆಯಲ್ಲಿ, ಒಂದು ಗೋಡೆಯ ಈಚೆಗೆ, ಅದೇ ಹೆಂಗಸಿಗಾಗಿ ಅಳುತ್ತಿದ್ದ ಇನ್ನೊಬ್ಬ ಮನುಷ್ಯನಿದ್ದನು. ಅವನ ದುಃಖವು ನೂರು ಮೈಲಿ ಹೋಯಿತು, ನಡುಮನೆಗೆ ಬರಲಿಲ್ಲ. ಅವನು ನನ್ನ ಕಂಬನಿಯನ್ನು ಹತ್ತಿರದಿಂದ ಕಾಣಲಿಲ್ಲ. ನಾನು ಅವನದನ್ನು ಕಾಣಲೇ ಇಲ್ಲ. ದುಃಖವನ್ನು ತೋಡಿಕೊಳ್ಳಲು ಅವನು ಕಲಿತನು. ಎದುರಿಗಿದ್ದ ದುಃಖಿಯನ್ನು ಅರಿಯಲು ಕಲಿಯಲಿಲ್ಲ. ಅದನ್ನು ಕಲಿಸಬೇಕಾಗಿದ್ದವನು ನಾನು. ಕಲಿಸುವ ಬದಲು ಗದರಿಸಿದೆನು. ನಲವತ್ತು ಹುಡುಗರ ತರಗತಿಯಲ್ಲಿ ಯಾರ ಮುಖವು ಬಾಡಿದೆಯೆಂದು ಒಂದು ನೋಟದಲ್ಲಿ ಹೇಳಬಲ್ಲೆನೆಂದು ಜಂಬಪಡುತ್ತಿದ್ದ ಉಪಾಧ್ಯಾಯನು ತನ್ನ ಮೊಮ್ಮಗನ ಮುಖವನ್ನು ಓದಲಾರದೆ ಹೋದನು.

ಅಂದಿನಿಂದ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಒಂದು ಗಂಟೆಯ ಕಾಲ ಎಲ್ಲರ ಮೊಬೈಲುಗಳೂ ದೇವರ ಕೋಣೆಯ ಪಕ್ಕದ ಗೂಡಿನಲ್ಲಿರುವುವು. ಮೊದಲು ಇಟ್ಟುದು ನನ್ನದು. ಏಕೆಂದರೆ ವಾರ್ತೆಗಳ ನೆಪದಿಂದ ಅದನ್ನು ನಾನೂ ಕಡಿಮೆ ನೋಡುತ್ತಿರಲಿಲ್ಲ. ಮೊದಲ ವಾರವೆಲ್ಲ ನಾವು ಒಬ್ಬರನ್ನೊಬ್ಬರು ನೋಡುತ್ತ ಸುಮ್ಮನೆ ಕುಳಿತುದುಂಟು. ಒಂದು ಸಂಜೆ ಹುಡುಗನು ಮೆಲ್ಲನೆ, “ತಾತ, ಕೊನೆಯ ದಿನ ಅಜ್ಜಿ ನನ್ನನ್ನು ಕೇಳಿದರಾ?” ಎಂದನು. ಕೇಳಿದ್ದಳು. ಆರು ತಿಂಗಳು ನಾನದನ್ನು ಅವನಿಗೆ ಹೇಳಿರಲಿಲ್ಲ. ಆ ದಿನ ಹೇಳಿದೆನು. ಆಮೇಲೆ ನಮ್ಮಿಬ್ಬರ ಮುಖವನ್ನೂ ನಾವಿಬ್ಬರೂ ಕಂಡೆವು.

ಸಭೆಯಲ್ಲಿ ವಾದಿಸಿದ ಇಬ್ಬರು ಮಿತ್ರರಿಗೂ ನನ್ನ ವಿಜ್ಞಾಪನೆಯು ಇಷ್ಟೇ. ಅಂತರಜಾಲವು ತಾನಾಗಿ ಹೃದಯವನ್ನು ಕೆಡಿಸುವುದೂ ಇಲ್ಲ, ಬೆಳೆಸುವುದೂ ಇಲ್ಲ; ಮಗುವಿನ ಸುತ್ತ ಮನುಷ್ಯರಿದ್ದಾರೆಯೆ ಇಲ್ಲವೆ ಎಂಬುದನ್ನು ನೋಡಿಕೊಂಡು ಅದು ಫಲಕೊಡುವುದು. ಪಿಟ್ಸ್‌ಬರ್ಗಿನ ಮನೆಗಳು ಹೇಳಿದುದೂ ಇದನ್ನೇ. ಆದುದರಿಂದ ಎಷ್ಟು ಗಂಟೆ ನೋಡಿದನೆಂದು ಮಗುವನ್ನು ಕೇಳುವುದಕ್ಕೆ ಮೊದಲು, ಅವನೊಡನೆ ಎಷ್ಟು ಹೊತ್ತು ಕುಳಿತೆವೆಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು. ಈ ಬರಹದಲ್ಲಿ ಗುಣವೇನಾದರೂ ಇದ್ದರೆ ಸಹೃದಯರಾದ ವಾಚಕರು ಹಂಸಕ್ಷೀರನ್ಯಾಯದಿಂದ ಅದನ್ನು ಮಾತ್ರ ಗ್ರಹಿಸಿ, ದೋಷಗಳನ್ನು ತಿಳಿಸಿ ಉಪಕರಿಸಬೇಕೆಂದು ಪ್ರಾರ್ಥಿಸುವೆನು.